ಬಿಜ್ಜಳನ ಭಂಡಾರಿ, ಮಲಪ್ರಭೆಯ ದಾರಿ

ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಕಲಿತ ಬಸವಣ್ಣನವರು ಅರಮನೆಯ ಕೆಲಸಕ್ಕೆ ಸೇರಿದ್ದು ಮಂಗಳವಾಡದಲ್ಲಿ. ಇಂದು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಎನಿಸಿಕೊಂಡಿರುವ ಆ ಊರು ಆಗ ಕಲಚುರಿ ಬಿಜ್ಜಳನ ನೆಲೆ. ಬಿಜ್ಜಳನಾದರೋ ಕಲ್ಯಾಣ ಚಾಲುಕ್ಯರ ಮಹಾಮಂಡಲೇಶ್ವರ. ಹರಿಹರನ ‘ಬಸವರಾಜದೇವರ ರಗಳೆ’ಯ ಪ್ರಕಾರ ಬಸವಣ್ಣನವರು ಅಲ್ಲಿ ಕರಣಿಕರಾಗಿ ಸೇರಿದರು, ಲೆಕ್ಕದ ಜಾಣ್ಮೆಯಿಂದ ಅರಸನ ಕಣ್ಣಿಗೆ ಬಿದ್ದರು, ಕೊನೆಗೆ ಇಡೀ ಭಂಡಾರದ ಹೊಣೆ ಹೊತ್ತರು.

ಈ ಏಳಿಗೆಗೆ ಕಾಲವೂ ಕೂಡಿಬಂದಿತ್ತು. 1157ರ ಹೊತ್ತಿಗೆ ಬಿಜ್ಜಳ ಚಾಲುಕ್ಯ ಮೂರನೆಯ ತೈಲಪನ ಹಿಡಿತದಿಂದ ಹೊರಬಂದ. 1162ರಲ್ಲಿ ಚಕ್ರವರ್ತಿಯ ಬಿರುದುಗಳನ್ನೇ ತನ್ನದಾಗಿಸಿಕೊಂಡ. ಒಡೆಯನ ಸಿಂಹಾಸನವನ್ನು ಕಿತ್ತುಕೊಂಡ ಅರಸನಿಗೆ ಹಳೆಯ ಅಧಿಕಾರಿಗಳ ಮೇಲೆ ಪೂರ್ತಿ ನಂಬಿಕೆ ಇರಲಾರದು. ನಾಡಿನ ಹಣ ಕಾಯಲು ಪ್ರಾಮಾಣಿಕನೊಬ್ಬ ಬೇಕಿತ್ತು, ಅವನು ಸಿಕ್ಕಿದ. ಆದರೆ ಅಂಥ ಅರಸನ ಒಲವಿಗೆ ಒಂದು ಮಿತಿಯೂ ಇರುತ್ತದೆ. ಹೊಸ ಗದ್ದುಗೆಯ ಮೇಲೆ ಕೂತವನು ಪಂಡಿತರನ್ನೂ ಸಾಮಂತರನ್ನೂ ಎದುರು ಹಾಕಿಕೊಂಡು ಒಬ್ಬ ಮಂತ್ರಿಯನ್ನು ಎಷ್ಟು ದಿನ ಕಾಪಾಡಿಯಾನು?

ಬಿಜ್ಜಳನ ನೆಲೆ ಚಾಲುಕ್ಯರ ರಾಜಧಾನಿ ಕಲ್ಯಾಣಕ್ಕೆ ಬದಲಾದಾಗ ಬಸವಣ್ಣನವರೂ ಅಲ್ಲಿಗೆ ಬಂದರು. ಅಲ್ಲಿ ಅವರ ಮಹಾಮನೆ ಎಲ್ಲ ಕಾಯಕದವರಿಗೂ ತೆರೆದಿತ್ತು. ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಮೊದಲಾದವರು ಅಲ್ಲಿ ಸಮಾನರಾಗಿ ಕೂತು ವಚನ ಹಾಡಿದರು. ಮೇಲುಜಾತಿಯ ಆಸ್ಥಾನಿಕರಿಗೆ ಇದನ್ನು ಸಹಿಸಲಾಗಲಿಲ್ಲ. ಭಂಡಾರದ ಹಣ ಜಂಗಮರ ದಾಸೋಹಕ್ಕೆ ಹರಿಯುತ್ತಿದೆ ಎಂಬ ದೂರು ಅರಸನ ಕಿವಿ ಮುಟ್ಟಿತು. ಲೆಕ್ಕ ನೋಡಿದಾಗ ಒಂದು ಹೊನ್ನೂ ಕಡಿಮೆ ಇರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ದೂರಿನವರ ಸಿಟ್ಟು ಹಣಕ್ಕಿಂತ ಪಂಕ್ತಿಯ ಮೇಲಿತ್ತು ಎನ್ನುವುದು ಮುಂದೆ ನಡೆದದ್ದರಿಂದ ತಿಳಿಯುತ್ತದೆ.

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾಯಿತು. ಇಬ್ಬರೂ ತಂದೆಯರು ಲಿಂಗವಂತರಾಗಿದ್ದರಿಂದ ಶರಣರ ಲೆಕ್ಕದಲ್ಲಿ ಅಲ್ಲಿ ಜಾತಿಯ ಪ್ರಶ್ನೆಯೇ ಇರಲಿಲ್ಲ. ಅರಮನೆ ಅದನ್ನು ವರ್ಣಸಂಕರವೆಂದು ಕರೆದು ಇಬ್ಬರಿಗೂ ಘೋರ ಶಿಕ್ಷೆ ಕೊಟ್ಟಿತು. ಬಸವಣ್ಣನವರು ಪದವಿ ಬಿಟ್ಟು ಕೂಡಲಸಂಗಮಕ್ಕೆ ನಡೆದರು, ಅಲ್ಲಿಯೇ ಲಿಂಗೈಕ್ಯರಾದರು. ಇತ್ತ ಶರಣರಾದ ಜಗದೇವ, ಬೊಮ್ಮಯ್ಯರು ಬಿಜ್ಜಳನನ್ನು ಕೊಂದರೆಂಬುದು ಪರಂಪರೆಯ ಮಾತು. 1167ರ ಸುಮಾರಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವ ಪಟ್ಟಕ್ಕೆ ಬಂದ.

ಬಿಜ್ಜಳನ ಕಾಲದ ಶಾಸನಗಳಲ್ಲಿ ಬಸವಣ್ಣನವರ ಮಂತ್ರಿಪದವಿಯ ಮಾತು ಇಲ್ಲ. ಕಥೆಯ ಬಹುಭಾಗ ನಿಂತಿರುವುದು ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣಗಳ ಮೇಲೆ. ಹಾಗಾಗಿ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನಕ್ಕೆ ಬೆಲೆ ಹೆಚ್ಚು. ಬಾಗೇವಾಡಿಯ ಬಸವಣ್ಣನವರನ್ನೂ ಅವರ ಮನೆತನವನ್ನೂ ಅದು ಹೆಸರಿಸುತ್ತದೆ.

ಭಂಡಾರಿಯ ಪತನದ ಪೆಟ್ಟು ಬಿದ್ದದ್ದು ಅವರನ್ನು ನಂಬಿ ಬಂದವರ ಮೇಲೆ. ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣ, ಅಕ್ಕ ನಾಗಮ್ಮ, ಮಾಚಯ್ಯ ಮೊದಲಾದವರು ವಚನದ ಕಟ್ಟುಗಳನ್ನು ಹೊತ್ತು ಪಶ್ಚಿಮದ ಕಾಡಿನತ್ತ ಹೊರಟರು, ಬೆನ್ನಿಗೆ ಕಲ್ಯಾಣದ ಪಡೆ. ಅವರು ಹಾದುಹೋದದ್ದು ಮಲಪ್ರಭೆಯ ಸೀಮೆಯನ್ನು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಕಿತ್ತೂರು, ಬೈಲಹೊಂಗಲ ಸೀಮೆಗಳನ್ನು ದಾಟಿ ಸವದತ್ತಿ, ರಾಮದುರ್ಗಗಳ ಮೂಲಕ ಕೂಡಲಸಂಗಮ ಸೇರುತ್ತದೆ. ಸವದತ್ತಿ ಸೀಮೆಯ ಮುರಗೋಡದಲ್ಲಿ ಶರಣರು ತಂಗಿದ್ದರೆಂಬ ನೆನಪು ಉಳಿದಿದೆ. ಕಿತ್ತೂರಿನ ಹತ್ತಿರದ ಕಾದರವಳ್ಳಿಯಲ್ಲಿ ಸೈನ್ಯಕ್ಕೂ ಶರಣರಿಗೂ ಕಾಳಗವಾಯಿತೆಂದು ಜನ ಹೇಳುತ್ತಾರೆ. ಕಕ್ಕಯ್ಯನವರ ಐಕ್ಯಸ್ಥಳ ಖಾನಾಪುರ ತಾಲ್ಲೂಕಿನ ಕಕ್ಕೇರಿ. ಬಸವಣ್ಣನವರ ಮಡದಿ ಗಂಗಾಂಬಿಕೆಯವರದು ಹೊಳೆದಂಡೆಯ ಎಂ.ಕೆ. ಹುಬ್ಬಳ್ಳಿ. ಅರಮನೆಯ ವೈಭವ ಕಂಡ ಆ ತಾಯಿಯ ಬದುಕು ಕೊನೆಯಾದದ್ದು ಈ ಓಟದ ನಡುವೆ ಎಂಬುದನ್ನು ಕಲ್ಯಾಣದ ಕಥೆ ಹೇಳುವವರು ಮರೆಯಬಾರದು.

ಉಳಿದವರು ಉಳವಿ ಮುಟ್ಟಿದರು. ಉತ್ತರ ಕನ್ನಡದ ಜೋಯಿಡಾ ಕಾಡಿನ ಆ ಊರಿನಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಬೆಳಗಾವಿ, ಧಾರವಾಡ ಸೀಮೆಗಳ ರೈತರು ಇಂದಿಗೂ ಚಕ್ಕಡಿ ಹೂಡಿಕೊಂಡು ಅಲ್ಲಿಗೆ ಹೋಗುತ್ತಾರೆ.