ಬೀಥೋವನ್ ನುಡಿಸುವ ಸಿಪಿಯು

ಮೈಕ್ರೋಸಾಫ್ಟ್‌ನ ಹಳೆಯ ಸಹಾಯ ಟಿಪ್ಪಣಿಗಳ ರಾಶಿಯಲ್ಲಿ 261186ನೇ ಸಂಖ್ಯೆಯದು ಸಿಕ್ಕರೆ ಯಾರೋ ಏಪ್ರಿಲ್ ಒಂದರಂದು ಬರೆದಿರಬೇಕು ಅನ್ನಿಸುತ್ತದೆ. ಕಂಪ್ಯೂಟರ್ ಇದ್ದಕ್ಕಿದ್ದಂತೆ ಶಾಸ್ತ್ರೀಯ ಸಂಗೀತ ನುಡಿಸುತ್ತದೆ ಎಂಬುದು ಅದರ ವಿಷಯ. ತಮಾಷೆಯಲ್ಲ, ಅಪ್ಪಟ ನಿಜ. 1997ರಿಂದೀಚೆಗೆ ಅವಾರ್ಡ್ ಸಂಸ್ಥೆ ರೂಪಿಸಿದ, ಕಂಪ್ಯೂಟರನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸ್‌ಗಳಲ್ಲಿ ಇಂಥದೊಂದು ಏರ್ಪಾಡಿತ್ತು. ಪ್ರೊಸೆಸರ್ ಮೇಲಿನ ಫ್ಯಾನ್ ಕೈಕೊಟ್ಟರೆ, ಇಲ್ಲವೇ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಘಟಕದ ವೋಲ್ಟೇಜ್ ಹದ ತಪ್ಪಿದರೆ, ಸಿಪಿಯು ಡಬ್ಬದೊಳಗಿನ ಪುಟ್ಟ ಸ್ಪೀಕರ್ ಬೀಥೋವನ್‌ನ 'ಫ್ಯೂರ್ ಎಲೀಸ್' ನುಡಿಸುತ್ತಿತ್ತು. ಕೆಲವೊಮ್ಮೆ ಡಿಸ್ನಿ ಉದ್ಯಾನಗಳ 'ಇಟ್ಸ್ ಎ ಸ್ಮಾಲ್ ವರ್ಲ್ಡ್'. ಬಯೋಸ್ ಇರುವುದು ವಿಂಡೋಸ್‌ಗೂ ಕೆಳಗೆ. ಹಾಗಾಗಿ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ, ಸೇಫ್ ಮೋಡ್‌ಗೆ ಹೋದರೂ ಹಾಡು ನಿಲ್ಲದು. ಫಾರ್ಮ್ಯಾಟ್ ಮಾಡಿಸಿದರೂ ದುಡ್ಡು ದಂಡವೇ ಹೊರತು ಫ್ಯಾನ್ ತಿರುಗದು.

ಎಚ್ಚರಿಕೆಗೆ ಹಾಡೇ ಏಕೆ ಬೇಕಿತ್ತು? 1981ರ ಐಬಿಎಂ ಪಿಸಿಯಿಂದಲೂ ಈ ಪುಟ್ಟ ಸ್ಪೀಕರ್‌ಗೆ ಬೀಪ್ ಎನ್ನುವುದು ಗೊತ್ತಿತ್ತು; ಒಂದು ಚಿಕ್ಕ ಬೀಪ್ ಕೇಳಿದರೆ ಎಲ್ಲ ಸರಿಯಿದೆ ಎಂದರ್ಥ. ಬೀಪ್ ಕರ್ಕಶ, ಆದರೆ ಅದನ್ನು ಯಾರೂ ಕಣ್ಣುಮುಚ್ಚಿ ಆಸ್ವಾದಿಸುವುದಿಲ್ಲ. 1810ರ ಸುಮಾರಿಗೆ ರಚನೆಯಾದ ಆ ಮಧುರ ಪಿಯಾನೊ ತುಣುಕು ಕೇಳಿದವನಿಗೆ ಪ್ರೊಸೆಸರ್ ಬಿಸಿಯೇರುತ್ತಿದೆ ಎಂದು ಹೊಳೆಯುವುದು ಹೇಗೆ? ಇದನ್ನು ಚಮತ್ಕಾರ ಎನ್ನಬಹುದು, ಜಾಣತನ ಎನ್ನಲಾಗದು. ಆದರೂ ಇದರಲ್ಲಿ ಒಂದು ಪಾಠವಿದೆ: ಕಂಪ್ಯೂಟರ್‌ನ ಸದ್ದು ಎಂಥದ್ದು ಎಂಬುದಕ್ಕಿಂತ ಎಲ್ಲಿಂದ, ಯಾವಾಗ ಬರುತ್ತದೆ ಎಂಬುದೇ ಮುಖ್ಯ.

ಹಾಡುವುದೆಲ್ಲ ವೈರಸ್ ಎನ್ನುವವರಿದ್ದಾರೆ. ಆ ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. 1989ರಲ್ಲಿ ಪತ್ತೆಯಾದ, ಬಲ್ಗೇರಿಯಾ ಮೂಲದ 'ಯಾಂಕಿ ಡೂಡಲ್' ವೈರಸ್ ಇದೇ ಪುಟ್ಟ ಸ್ಪೀಕರ್‌ನಲ್ಲಿ ಅದೇ ಹೆಸರಿನ ಅಮೆರಿಕನ್ ಹಾಡು ನುಡಿಸುತ್ತಿತ್ತು. ಆದರೆ ಅದು ನುಡಿಸುತ್ತಿದ್ದುದು ಸಂಜೆ ಐದಕ್ಕೆ. ಗಡಿಯಾರ ನೋಡಿಕೊಂಡು ಬರುವ ಸದ್ದು ಪ್ರೋಗ್ರಾಮಿನದು. ಯಂತ್ರ ಬಿಸಿಯೇರಿದಂತೆ ಬರುವುದು ಬಿಡಿಭಾಗದ್ದು. ಒಂದೇ ಸ್ಪೀಕರ್, ಎರಡು ಹಾಡು, ಕಾರಣ ಮಾತ್ರ ಬೇರೆ.

ಹಾಗಾಗಿ ಮೊದಲ ಪರೀಕ್ಷೆ ಸುಲಭ: ವಿಂಡೋಸ್‌ನಲ್ಲಿ ಮ್ಯೂಟ್ ಒತ್ತಿ. ಸದ್ದು ನಿಂತರೆ ಮೂಲ ಯಾವುದೋ ಪ್ರೋಗ್ರಾಮ್. ವಾಲ್ಯೂಮ್ ಮಿಕ್ಸರ್‌ನಲ್ಲಿ, ಬ್ರೌಸರ್ ಟ್ಯಾಬಿನ ಸ್ಪೀಕರ್ ಗುರುತಿನಲ್ಲಿ ಸಿಕ್ಕಿಬೀಳುತ್ತದೆ. ಯುಎಸ್‌ಬಿ ಸಾಧನ ಜೋಡಿಸಿದಾಗ, ಕಿತ್ತಾಗ ಬರುವ ಸದ್ದು ಯಾರೂ ಮುಟ್ಟದಿದ್ದರೂ ಮತ್ತೆ ಮತ್ತೆ ಬಂದರೆ ಕೇಬಲ್ ಸಡಿಲವಾಗಿರಬಹುದು. ಮ್ಯೂಟ್ ಒತ್ತಿದರೂ ನಿಲ್ಲದ್ದು ಹೊರಗಿನ ಸ್ಪೀಕರ್ ಆಫ್ ಮಾಡಿದಾಗ ನಿಂತರೆ ಅದು ವಿದ್ಯುತ್ತಿನ ಆಟ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಗುಂಯ್ ಎನ್ನುವ ಸದ್ದು 50 ಅಥವಾ 100 ಹರ್ಟ್ಸ್‌ನಲ್ಲಿರುತ್ತದೆ, ಅರ್ಥಿಂಗ್ ಪರೀಕ್ಷಿಸಿ. ಕರೆ ಬರುವ ಮುನ್ನ ಕೇಳುವ ಗರಗರಕ್ಕೆ ಕಾರಣ ಪಕ್ಕದಲ್ಲಿಟ್ಟ 2ಜಿ ಮೊಬೈಲ್. ಅದು ಸೆಕೆಂಡಿಗೆ ಸುಮಾರು 217 ಬಾರಿ ಸಿಗ್ನಲ್ ಮಿಡಿಯುತ್ತದೆ. ಸ್ಪೀಕರ್ ಆಫ್ ಆದರೂ ಉಳಿಯುವುದು ಡಬ್ಬದೊಳಗಿನದು, ಇಲ್ಲವೇ ಬ್ಯಾಟರಿ ಸೋತ ಯುಪಿಎಸ್‌ನ ಕೂಗು. ಕೆಲಸ ಹೆಚ್ಚಾದಂತೆ ಏರುವುದು ಫ್ಯಾನ್. ಗೇಮ್ ಆಡುವಾಗ, ಪುಟ ಸರಿಸುವಾಗ ಕೀಚಲಾಗಿ ಬದಲಾಗುವುದು ವಿದ್ಯುತ್ ಹರಿವಿಗೆ ಕಂಪಿಸುವ ಕಾಯಿಲ್. ಕಿವಿಗೆ ಕಿರಿಕಿರಿ, ಯಂತ್ರಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ.

ಹೆಚ್ಚಿನ ಸದ್ದುಗಳು ನಿರುಪದ್ರವಿಯಾಗಿರುವಾಗ ಇಷ್ಟೆಲ್ಲ ತಲೆನೋವು ಏಕೆ ಎಂದು ಕೇಳಬಹುದು. ನಿರುಪದ್ರವಿ ಎಂದು ಗೊತ್ತಾಗುವುದೇ ಮೂಲ ಸಿಕ್ಕ ಮೇಲೆ. ಎಸ್‌ಎಸ್‌ಡಿ ಕಾಲದಲ್ಲಿ ಈ ಚರ್ಚೆಯೇ ಹಳತಲ್ಲವೇ ಎಂಬ ಮಾತೂ ಅರ್ಧ ಸತ್ಯ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ನಿಜ; ಆದರೆ ಮದುವೆ ಫೋಟೊಗಳನ್ನು ತುಂಬಿಟ್ಟ ಹಳೆಯ ಹಾರ್ಡ್ ಡಿಸ್ಕ್‌ಗಳು ಎಷ್ಟೋ ಮನೆಗಳಲ್ಲಿ ಇನ್ನೂ ತಿರುಗುತ್ತಿವೆ. ಅವುಗಳಿಂದ ಒಂದೇ ಲಯದಲ್ಲಿ ಟಕ್ ಟಕ್ ಎಂದು ಕೇಳಿದರೆ ಕಾರಣ ಹುಡುಕುತ್ತ ಕೂರಬೇಡಿ. ಮುಖ್ಯ ಕಡತಗಳನ್ನು ಮೊದಲು ಬೇರೆಡೆಗೆ ಕಾಪಿ ಮಾಡಿ, ಡಿಸ್ಕ್ ಆಫ್ ಮಾಡಿ. ಉಳಿದ ಸದ್ದುಗಳಿಗಾಗಿ ರಿಪೇರಿಯವರನ್ನು ಕರೆಯುವಾಗ 'ಏನೋ ಸೌಂಡ್ ಬರ್ತಿದೆ' ಎನ್ನುವ ಬದಲು ಎಲ್ಲಿಂದ, ಯಾವಾಗ ಎಂದು ಹೇಳಿ. ಅರ್ಧ ರಿಪೇರಿ ಅಲ್ಲಿಗೇ ಮುಗಿಯುತ್ತದೆ.