ಹರಿಕೇನ್‌ನ ವೃತ್ತಕ್ಕೆ ಯಾವ ನೀಲಿ?

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ವಿಮಾನದ ಮಾದರಿ ಕಟ್ಟುವುದು ಮಕ್ಕಳ ಆಟ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ನಡುವಯಸ್ಸು ದಾಟಿದವರು ಅದರಲ್ಲಿ ತೊಡಗಿದರೆ ಮನೆಯವರೇ ಮುಸಿಮುಸಿ ನಗುತ್ತಾರೆ. ಅಂಟಿಸುವ ಕೆಲಸ ನಿಜಕ್ಕೂ ನಾಲ್ಕಾರು ಸಂಜೆಗಳದ್ದು. ಅದಕ್ಕೆ ಯಾವ ಬಣ್ಣ ಬಳಿಯಬೇಕು, ಯಾವ ಲಾಂಛನ ಎಲ್ಲಿ ಬರಬೇಕು ಎಂಬ ಶೋಧವಾದರೋ ತಿಂಗಳುಗಟ್ಟಲೆ ನಡೆಯುತ್ತದೆ. ನನ್ನ ಮೇಜಿನ ಮೇಲೀಗ 1:72 ಪ್ರಮಾಣದ, ಅಂದರೆ ಆರು ಅಡಿಗೆ ಒಂದು ಅಂಗುಲದ ಲೆಕ್ಕದ, ಒಂದು ಹರಿಕೇನ್ ಯುದ್ಧವಿಮಾನವಿದೆ. ನಲವತ್ತು ಅಡಿಯ ರೆಕ್ಕೆಯ ಹರವು ಇಲ್ಲಿ ಏಳು ಅಂಗುಲಕ್ಕೂ ಕಡಿಮೆ. 1944ರ ಇಂಫಾಲ ಸಮರದಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ಹಾರಿದ ಒಂದನೆಯ ಸ್ಕ್ವಾಡ್ರನ್ನಿನ ವಿಮಾನಗಳಲ್ಲಿ ಒಂದರಂತೆ ಅದನ್ನು ರೂಪಿಸಬೇಕೆಂಬುದು ನನ್ನ ಬಯಕೆ.

ತೊಡಕು ಅದರ ಮೈಮೇಲಿನ ವೃತ್ತದಲ್ಲಿದೆ. ಬ್ರಿಟಿಷ್ ವಾಯುಪಡೆಯ ವಿಮಾನಗಳ ಮೇಲೆ ನೀಲಿ, ಬಿಳಿ, ಕೆಂಪು ವೃತ್ತಗಳಿರುತ್ತಿದ್ದುದು ಎಲ್ಲರಿಗೂ ಗೊತ್ತು. ಜಪಾನಿನ ವಿಮಾನಗಳ ಗುರುತು ಕೆಂಪು ಸೂರ್ಯ. ಬರ್ಮಾ ರಂಗದ ಆಕಾಶದಲ್ಲಿ ಕ್ಷಣಾರ್ಧ ಕಂಡು ಮರೆಯಾಗುವ ವಿಮಾನದ ಮೇಲೆ ಕೆಂಪಿನ ಒಂದು ಚುಕ್ಕೆ ಕಂಡರೂ ಕೆಳಗಿನ ಸೈನಿಕ ತನ್ನವನ ಮೇಲೆಯೇ ಗುಂಡು ಹಾರಿಸುವ ಅಪಾಯವಿತ್ತು. ಆದ್ದರಿಂದ ಪೂರ್ವದ ರಂಗದಲ್ಲಿ ವೃತ್ತದಿಂದ ಕೆಂಪನ್ನೇ ತೆಗೆದುಹಾಕಲಾಯಿತು. ಇದೇ ಕಾರಣಕ್ಕೆ ಅಮೆರಿಕನ್ನರೂ 1942ರಲ್ಲಿ ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು ಅಳಿಸಿದರು. ಬರ್ಮಾ ರಂಗದ ವಿಮಾನಗಳಿಗೆ ಉಳಿದದ್ದು ಕಡುನೀಲಿಯ ಹೊರವೃತ್ತ, ಅದರೊಳಗೆ ಒಂದು ತಿಳಿಬಣ್ಣದ ಚುಕ್ಕೆ.

ಆ ತಿಳಿಬಣ್ಣ ಯಾವುದು? ಹಳೆಯ ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಅದು ಹೆಚ್ಚಾಗಿ ಬಿಳಿಯಾಗಿಯೇ ತೋರುತ್ತದೆ. ಅದನ್ನು ನಂಬಿ ಬಿಳಿ ಬಳಿದ ಮಾದರಿಗಳು ಲೆಕ್ಕವಿಲ್ಲದಷ್ಟಿವೆ. ವಾಸ್ತವದಲ್ಲಿ ಅಪ್ಪಟ ಬಿಳಿ ದೂರಕ್ಕೆ ಎದ್ದು ಕಾಣುತ್ತದೆಂದು ಬಿಳಿಗೆ ನೀಲಿ ಬೆರೆಸಿ ತಿಳಿನೀಲಿಯನ್ನು ಬಳಸುತ್ತಿದ್ದರು. ಫಿಲಂ ಮಾತ್ರ ಅದನ್ನು ಬಿಳುಪಾಗಿಸಿತು. ಅಂದಿನ ಫಿಲಂಗಳ ಗುಣವೇ ಹಾಗೆ. ಅದರಲ್ಲೂ ಆರ್ಥೊಕ್ರೊಮ್ಯಾಟಿಕ್ ಫಿಲಂ ಕೆಂಪು ಬೆಳಕಿಗೆ ಕುರುಡು, ನೀಲಿಗೆ ಅತಿ ಸೂಕ್ಷ್ಮ. ಹೀಗಾಗಿ ಅದರಲ್ಲಿ ಕೆಂಪು ಕಪ್ಪಿನಂತೆ, ಹಳದಿ ಗಾಢವಾಗಿ, ನೀಲಿ ಪೇಲವವಾಗಿ ಮೂಡುತ್ತವೆ. ಕಣ್ಣಿಗೆ ಹೊಳೆಯುವ ಹಳದಿ ಉಂಗುರ ಚಿತ್ರದಲ್ಲಿ ಕರಿಯ ಉಂಗುರವಾಗಿ ಕುಳಿತುಬಿಡುತ್ತದೆ. ಯಾವ ಫಿಲಂ ಎಂಬುದನ್ನು ಮೊದಲು ಊಹಿಸದೆ ಬಣ್ಣವನ್ನು ಊಹಿಸುವಂತಿಲ್ಲ. ಬಣ್ಣ ಗೊತ್ತಿರುವ ಬೇರೊಂದು ವಸ್ತು ಅದೇ ಚಿತ್ರದಲ್ಲಿದ್ದರೆ ಅದೇ ಅಳತೆಗೋಲು. ಒಂದು ಚಿತ್ರದ ಮೂಲೆಯಲ್ಲಿ ನಿಂತ ಯೋಧನ ಖಾಕಿ ಚಡ್ಡಿಯನ್ನು ನಾನು ಭೂತಗನ್ನಡಿ ಹಿಡಿದು ಅರ್ಧ ತಾಸು ನೋಡಿದ್ದುಂಟು.

ಬಣ್ಣಗಳಿಗೆ ಸರ್ಕಾರಿ ಸಂಖ್ಯೆಗಳಿವೆಯಲ್ಲ ಎಂದು ಕೇಳಬಹುದು. ಇವೆ. ಬ್ರಿಟಿಷರ ಬಿಎಸ್ 381ಸಿ ಪಟ್ಟಿಯಲ್ಲಿ 638 ಎಂದರೆ ಕಡಲಿನ ಗಾಢ ಬೂದು. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595ರಲ್ಲಿ ಐದು ಅಂಕಿಗಳ ಮೊದಲನೆಯದು ಹೊಳಪನ್ನು, ಎರಡನೆಯದು ವರ್ಣಸಮೂಹವನ್ನು ಸೂಚಿಸುತ್ತದೆ. 36118 ಎಂದೊಡನೆ ಹೊಳಪಿಲ್ಲದ ಬೂದು ಎಂದು ತಿಳಿದುಬಿಡುತ್ತದೆ. ಆದರೆ ಸಂಖ್ಯೆ ಹೇಳುವುದು ಹೊಸ ಡಬ್ಬಿಯ ಬಣ್ಣವನ್ನು. ಮಣಿಪುರದ ಮಳೆ, ಬಿಸಿಲು, ಪೆಟ್ರೋಲಿನ ಕಲೆ, ಅವಸರದ ತೇಪೆಗಳ ನಂತರ ಅದು ಏನಾಯಿತೆಂದು ಯಾವ ಪಟ್ಟಿಯೂ ಹೇಳಲಾರದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜದ ಕೇಸರಿಗೂ ಐಎಸ್ 1 ಎಂಬ ಮಾನದಂಡವಿದೆ. ಆ ಧ್ವಜವನ್ನು ಒಂದು ಬೇಸಿಗೆ ಹೊರಗಿಟ್ಟು ನೋಡಿದರೆ ಮಾತು ಅರ್ಥವಾದೀತು.

ಸ್ವಾತಂತ್ರ್ಯಾನಂತರದ ನಮ್ಮ ವಿಮಾನಗಳ ವಿಷಯದಲ್ಲಿ ಶೋಧ ಇನ್ನೂ ಕಠಿಣ ಎಂದರೆ ಅಚ್ಚರಿಯಾಗಬಹುದು. 1971ರ ಯುದ್ಧದ ಹೊತ್ತಿಗೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಮಿಗ್-21ಗಳಿಗೆ ಆಯಾ ನೆಲೆಗಳಲ್ಲೇ, ಕೈಗೆ ಸಿಕ್ಕ ಬಣ್ಣಗಳಿಂದ ಮರೆವೇಷ ತೊಡಿಸಲಾಯಿತು. ಒಂದರಂತೆ ಇನ್ನೊಂದಿರಲಿಲ್ಲ. ಅವುಗಳಿಗೆ ಬಣ್ಣ ಬಳಿದವರಲ್ಲಿ ಬದುಕಿರುವವರು ಇಂದು ಎಪ್ಪತ್ತು ದಾಟಿದವರು. ಅಂಥ ಹಿರಿಯರೊಬ್ಬರನ್ನು ಕೇಳಿದಾಗ, ‘ಹಸಿರೇ ಸ್ವಾಮಿ, ಹಸಿರು’ ಎಂದು ನಕ್ಕರು. ಯಾವ ಹಸಿರು ಎಂದು ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ.

ಬೆಂಗಳೂರಿನಲ್ಲೇ ಇರುವ ಎಚ್‌ಎಎಲ್‌ನ ಸಂಗ್ರಹಾಲಯದಲ್ಲಿ ಮಾರುತ್ ವಿಮಾನವನ್ನು ಹತ್ತಿರದಿಂದ ನೋಡಬಹುದಲ್ಲ ಎನ್ನುವವರಿದ್ದಾರೆ. ನೋಡಬೇಕು, ಖಂಡಿತ. ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಇದೇ ನಗರದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ವಿಮಾನ ಅದು. ಅದರ ಆಕಾರ, ಅಳತೆಗಳಿಗೆ ಅದಕ್ಕಿಂತ ಉತ್ತಮ ಸಾಕ್ಷಿಯಿಲ್ಲ. ಬಣ್ಣದ ಮಾತು ಬೇರೆ. ದೇಶದ ಯಾವ ಊರಿನಲ್ಲೇ ಆಗಲಿ, ಪ್ರದರ್ಶನಕ್ಕೆ ನಿಲ್ಲಿಸಿದ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯದೆ ವಿಧಿಯಿಲ್ಲ. ಪ್ರತಿ ಸಲವೂ ಹಳೆಯ ಪದರವನ್ನು ಕೆರೆದು ಬಳಿದರೆ ಸಾಕ್ಷ್ಯವೇ ಕಸದ ಬುಟ್ಟಿಗೆ ಹೋದಂತೆ. ಬಲ್ಲವರು ಒಂದು ಮೂಲೆಯಲ್ಲಿ ನುಣುಪಾದ ಮರಳುಕಾಗದದಿಂದ ಪದರ ಪದರವಾಗಿ ಸವೆಸಿ, ಮರದ ಉಂಗುರಗಳಂತೆ ಕಾಣುವ ಬಣ್ಣಗಳನ್ನು ದಾಖಲಿಸಿಕೊಂಡ ಮೇಲಷ್ಟೇ ಕೆಲಸಕ್ಕೆ ಕೈ ಹಾಕುತ್ತಾರೆ. ಇದಕ್ಕೆ ಬೇಕಾದುದು ಒಂದು ಮಧ್ಯಾಹ್ನ ಮತ್ತು ಒಂದು ಕ್ಯಾಮೆರಾ.

ಇನ್ನು ಕಾಗದಪತ್ರಗಳು. ಹಳೆಯ ಬಣ್ಣದ ಆದೇಶವೊಂದರ ಪ್ರತಿ ಕೋರಿ ನಾನು ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲ. ಅರ್ಧ ಶತಮಾನದ ಹಿಂದಿನ ಹಸಿರು ಬಣ್ಣದಲ್ಲಿ ಅಡಗಿರುವ ರಕ್ಷಣಾ ರಹಸ್ಯವೇನೋ ತಿಳಿಯದು. ಕಡತಗಳನ್ನು ಸಾಮಾನ್ಯವಾಗಿ 25 ವರ್ಷಗಳೊಳಗೆ ಮುಕ್ತಗೊಳಿಸಬೇಕೆಂಬ ನೀತಿಗೆ ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಸ್ವಾಗತಾರ್ಹವೇ. ಆದರೆ ಯುದ್ಧದ ಇತಿಹಾಸಕ್ಕೆ ಬೇಕಾದ ಕಡತ ಉಳಿದೀತು, ಬಣ್ಣದ ಅಂಗಡಿಯ ಖರೀದಿ ಪುಸ್ತಕ ರದ್ದಿಗೆ ಹೋದೀತು ಎಂಬುದೇ ನನ್ನ ಆತಂಕ.

ವಿಮಾನದ ಪಕ್ಕೆಯ ಮೇಲಿನ ಸಂಖ್ಯೆಯ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಬಣ್ಣ ಒಂದು ಛಾಯೆ ಹೆಚ್ಚು ಕಡಿಮೆಯಾದರೆ ನಡೆದೀತು. ಸಂಖ್ಯೆಯ ಹಿಂದೆ ಒಬ್ಬ ಚಾಲಕನಿರುತ್ತಾನೆ. ಒಂದು ಅಕ್ಷರ ತಪ್ಪಿದರೆ ವಿಮಾನ ಇನ್ನೊಬ್ಬನದಾಗುತ್ತದೆ, ಕೆಲವೊಮ್ಮೆ ಮರಳಿ ಬಾರದವನದು. ಅದಕ್ಕೇ ನನ್ನ ಹರಿಕೇನ್‌ಗೆ ಮರೆವೇಷದ ಹಸಿರು, ಕಂದುಗಳೂ ವೃತ್ತದ ತಿಳಿನೀಲಿಯೂ ಬಂದಿವೆ; ಸಂಖ್ಯೆಯ ಜಾಗ ಇನ್ನೂ ಖಾಲಿಯಿದೆ. ಆ ಪಕ್ಕೆ ಸ್ಪಷ್ಟವಾಗಿ ಕಾಣುವ ಒಂದು ಚಿತ್ರಕ್ಕಾಗಿ ಕಾಯುತ್ತಿದ್ದೇನೆ.