ನೂರು ಗಜದ ಗೆರೆ

ಧಾರವಾಡದಿಂದ ಅಳ್ನಾವರದ ಕಡೆ ಹೊರಟ ರೈಲು ಕ್ಯಾರಕೊಪ್ಪ ದಾಟಿತೆಂದರೆ ಮುಗದ. ಮಳೆಗಾಲದಲ್ಲಿ ಇಳಿದವರಿಗೆ ಸುತ್ತಲೂ ಭತ್ತದ ಹಸಿರು. ಅರೆಮಲೆನಾಡಿನ ಊರು, ಕೆರೆ ಇದೆ, ಒಳ್ಳೆಯ ಮಣ್ಣಿದೆ. ಆ ಮಣ್ಣಿನಿಂದ ಗಡಿಗೆ, ಹರವಿ ಮಾಡಿದ ಕುಂಬಾರರು ಊರಿಗೆ ಹೆಸರು ತಂದರು. ಇಲ್ಲಿನ ಭತ್ತದ ಸಂಶೋಧನಾ ಕೇಂದ್ರದ ‘ಮುಗದ ಸುಗಂಧ’ ಊರ ಹೆಸರನ್ನು ಅಕ್ಕಿಯ ಪರಿಮಳಕ್ಕೂ ಅಂಟಿಸಿತು.

ಸಂಜೆ ಸಾಲಿ ಬಿಡುವ ಹೊತ್ತಿಗೆ ಈ ಸೀಮೆಯ ಯಾವ ಹಳ್ಳಿಯ ಸಾಲಿ ಮುಂದಿನ ಓಣಿಯಲ್ಲಿ ನಿಂತರೂ ಕಾಣುವ ನೋಟವೊಂದಿದೆ. ತಗಡಿನ ಡಬ್ಬಾ ಅಂಗಡಿ. ಮುಂದೆ ಭರಣಿಗಳಲ್ಲಿ ಪೆಪ್ಪರಮಿಂಟು, ಶೇಂಗಾ ಚಿಕ್ಕಿ. ಅವುಗಳ ಮೇಲೆಯೇ, ಹುಡುಗರ ಕಣ್ಣಿಗೆ ನೇರವಾಗಿ, ಹಾರದಂತೆ ಇಳಿಬಿದ್ದ ಪಾನ್ ಮಸಾಲಾ ಮತ್ತು ತಂಬಾಕಿನ ಚೀಟಿಗಳು. ಕರ್ನಾಟಕದಲ್ಲಿ ಗುಟಕಾ 2013ರ ಮೇ ತಿಂಗಳಲ್ಲೇ ನಿಷೇಧವಾಯಿತು. ಆಮೇಲೆ ಅಡಕೆ ಒಂದು ಚೀಟಿಗೆ ಹೋಯಿತು, ತಂಬಾಕು ಇನ್ನೊಂದಕ್ಕೆ. ಎರಡನ್ನೂ ಹರಿದು ಅಂಗೈಯಲ್ಲಿ ಕಲಸಿದರೆ ಮತ್ತದೇ ಗುಟಕಾ. ಪಾಟೀಚೀಲ ಹೊತ್ತ ಹುಡುಗ ರೊಕ್ಕ ಚಾಚುತ್ತಾನೆ: “ಕಾಕಾ, ಎರಡು ಚೀಟಿ ಕೊಡ್ರಿ, ಅಪ್ಪ ಕಳಿಸ್ಯಾನ.”

ಈ ಒಂದು ಮಾತಿನಲ್ಲಿ ಕಾನೂನು ಎರಡು ಸಲ ಮುರಿಯುತ್ತದೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ 6ನೇ ಕಲಂ ಪ್ರಕಾರ ಚಿಕ್ಕವರಿಗೆ ತಂಬಾಕು ಮಾರುವಂತಿಲ್ಲ. ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. 18 ಇದ್ದ ವಯಸ್ಸನ್ನು ಕರ್ನಾಟಕ 2025ರಲ್ಲಿ 21ಕ್ಕೆ ಏರಿಸಿದೆ. ಗಜ ಎಣಿಸಬೇಕಾದದ್ದು ಶಾಲೆಯ ಕಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ, ನೇರ ಗೆರೆಯಲ್ಲಿ. ನಡುವೆ ಮನೆ ಇರಲಿ, ಹಿತ್ತಲಿರಲಿ, ಗೆರೆ ಬಳಸಿ ಹೋಗುವುದಿಲ್ಲ. 100 ಗಜವೆಂದರೆ ಸುಮಾರು 91 ಮೀಟರ್. ಮನೆಗೆ ಮನೆ ಆತುಕೊಂಡ ಹಳ್ಳಿಯಲ್ಲಿ ಅಷ್ಟರೊಳಗೆ ಇಡೀ ಓಣಿ, ಗುಡಿಯ ಕಟ್ಟೆ, ಬಸ್ಸು ನಿಲ್ಲುವ ಜಾಗ ಎಲ್ಲ ಬಂದುಬಿಡಬಹುದು.

ಸೆರೆ ಅಂಗಡಿಯ ಅಳತೆಯೇ ಬೇರೆ. 1967ರ ಅಬಕಾರಿ ನಿಯಮಗಳು ಶಾಲೆ, ಗುಡಿ, ಆಸ್ಪತ್ರೆಗಳಿಂದ 100 ಮೀಟರ್ ದೂರ ಕೇಳುತ್ತವೆ. ಆದರೆ ಆ ದೂರವನ್ನು ಜನ ನಡೆದುಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು. ದಾರಿ ಬಳಸಿದ್ದರೆ ಗೋಡೆಯಾಚೆಗೇ ಕಾಣುವ ಅಂಗಡಿಯೂ ಕಾಗದದಲ್ಲಿ ದೂರವೇ. ಮಗುವಿನ ಕಣ್ಣು ನೇರ ನೋಡುತ್ತದೆ. ಸೆರೆಗೂ ನೇರ ಗೆರೆಯೇ ಸರಿ ಎಂಬುದು ನನ್ನ ಗಟ್ಟಿ ನಂಬಿಕೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಹೆದ್ದಾರಿಗಳಿಂದ 500 ಮೀಟರ್ ದೂರ ವಿಧಿಸಿತು; ಮುಂದಿನ ಮಾರ್ಚಿನಲ್ಲಿ 20,000ದೊಳಗಿನ ಜನಸಂಖ್ಯೆಯ ಊರುಗಳಿಗೆ ಅದನ್ನು 220ಕ್ಕೆ ಇಳಿಸಿತು. ಹೆದ್ದಾರಿ ಬದಿಯಿಂದ ಎದ್ದ ಅಂಗಡಿಗಳು ಊರೊಳಗೆ ಜಾಗ ಹುಡುಕಿದಾಗ, ರಾಜ್ಯದ ಹಲವೆಡೆ ಹೆಣ್ಣುಮಕ್ಕಳು ರಸ್ತೆಗಿಳಿಯಬೇಕಾಯಿತು.

ಗಾಂಜಾಕ್ಕೆ ನಮ್ಮಲ್ಲಿ ಈ ಅಳತೆಯ ಪ್ರಶ್ನೆಯೇ ಏಳುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಅಮೆರಿಕದಲ್ಲಿ ಅದಕ್ಕೂ ಲೈಸನ್ಸಿನ ಅಂಗಡಿಗಳಿವೆ: ನ್ಯೂಯಾರ್ಕ್ ರಾಜ್ಯದಲ್ಲಿ ಶಾಲೆಯಿಂದ 500 ಅಡಿ, ಪ್ರಾರ್ಥನಾ ಮಂದಿರದಿಂದ 200 ಅಡಿ ದೂರವಿರಬೇಕು. ಅಲ್ಲಿ ಬಾಗಿಲು ತೆರೆಯುವ ಮೊದಲೇ ಜಾಗದ ತಕರಾರು ನಡೆಯುತ್ತದೆ. ನಮ್ಮ ಡಬ್ಬಾ ಅಂಗಡಿ ಮೊದಲು ಬಂದು ಕೂರುತ್ತದೆ, ಟೇಪು ಹಿಡಿದವರು ಬಂದರೆ ಆಮೇಲೆ.

ತಂಬಾಕುಮುಕ್ತ ಶಾಲೆಗಳ ಮಾರ್ಗಸೂಚಿಯಲ್ಲಿ ಒಂದು ಸರಳ ಕೆಲಸ ಹೇಳಿದ್ದಾರೆ: 100 ಗಜದ ಗಡಿಯಲ್ಲಿ ನೆಲದ ಮೇಲೆ ಹಳದಿ ಗೆರೆ. ಒಂದು ಡಬ್ಬಿ ಬಣ್ಣ ಸಾಕು. ಪಂಚಾಯಿತಿಯವರು, ಶಾಲೆಯ ಎಸ್‌ಡಿಎಂಸಿಯವರು ಒಟ್ಟಿಗೆ ನಿಂತು ಎಳೆಸಲಿ. ಗೆರೆಯೊಳಗಿನ ಅಂಗಡಿಯವರು ಚಿಕ್ಕಿ, ಪೆನ್ನು, ನೋಟ್‌ಬುಕ್ ಮಾರಿಕೊಂಡು ಬದುಕಲು ಊರವರು ಆಸರೆಯಾಗಲಿ. ಗೆರೆ ಎಳೆಯುವ ದಿನ ಚೀಟಿ ತರಲು ಮಗನನ್ನು ಕಳಿಸುವ ಅಪ್ಪಂದಿರನ್ನೂ ಅಲ್ಲಿಗೆ ಕರೆಯಿರಿ.